ಗಡಿ ದಾಟಿ ಕಂಪನಿ ಕೊಳ್ಳುವಾಗ ಸಂಸ್ಕೃತಿ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಕಂಪನಿಯನ್ನು ಉತ್ತರ ಯುರೋಪಿನ ಒಂದು ಕಂಪನಿ ಕೊಂಡಿತು. ಪ್ರತಿ ವಾರ ವಿಡಿಯೊ ಕಾಲ್ ಇರುತ್ತಿತ್ತು. ಅವರು ಒಂದು ದಿನಾಂಕ ಹೇಳುತ್ತಿದ್ದರು. ನಾವು ‘ಟ್ರೈ ಮಾಡ್ತೀವಿ’ ಎನ್ನುತ್ತಿದ್ದೆವು. ನಮ್ಮಲ್ಲಿ ಅದರ ಅರ್ಥ ‘ಕಷ್ಟ ಇದೆ’ ಅಂತ, ಅಲ್ವಾ? ಅವರು ಅದನ್ನು ‘ಆಗುತ್ತದೆ’ ಎಂದು ಬರೆದುಕೊಂಡರು. ಆರು ತಿಂಗಳು ಹೀಗೇ ನಡೆಯಿತು. ಕೆಲಸ ತಡವಾದಾಗ ಅವರಿಗೆ ನಾವು ಸುಳ್ಳು ಹೇಳಿದ ಹಾಗೆ ಕಂಡಿತು. ನಮಗೆ ಅವರು ಮಾತೇ ಕೇಳಿಸಿಕೊಳ್ಳದವರ ಹಾಗೆ ಕಂಡರು. ಎರಡೂ ಕಡೆ ಒಳ್ಳೆಯ ಜನ ಇದ್ದರು. ಆದರೂ ನಮ್ಮ ಟೀಮಿನ ಅರ್ಧ ಜನ ಒಂದೇ ವರ್ಷದಲ್ಲಿ ಕೆಲಸ ಬಿಟ್ಟರು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಕಾಮರ್ಸ್ ಓದುವ ಹುಡುಗರು, ಕಂಪನಿ ಕೈ ಬದಲಾದ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಖರೀದಿ, ವಿಲೀನ ಎರಡೂ ಒಂದೇನಾ?

ಕಾಗದದ ಮೇಲೆ ಬೇರೆ ಬೇರೆ. ಒಂದು ಕಂಪನಿ ಇನ್ನೊಂದರ ಷೇರು ಕೊಂಡು ಒಡೆತನ ಪಡೆದರೆ ಖರೀದಿ. ಎರಡೂ ಸೇರಿ ಒಂದೇ ಕಂಪನಿಯಾದರೆ ವಿಲೀನ. ಕೊಳ್ಳುವವರು ಒಂದು ದೇಶದಲ್ಲಿ, ಮಾರಾಟವಾಗುವ ಕಂಪನಿ ಇನ್ನೊಂದು ದೇಶದಲ್ಲಿ ಇದ್ದರೆ ಅದು ಗಡಿಯಾಚೆಯ ಖರೀದಿ. ಆದರೆ ‘ಸಮಾನರ ವಿಲೀನ’ ಎಂದು ಕರೆಸಿಕೊಂಡ ಎಷ್ಟೋ ವ್ಯವಹಾರಗಳು ಒಳಗೆ ಖರೀದಿಗಳೇ ಆಗಿರುತ್ತವೆ. ಇದರಿಂದ ಎಷ್ಟು ನೋವಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

ಇಲ್ಲಿ ಸಂಸ್ಕೃತಿ ಅಂದರೆ ಏನು? ಹಬ್ಬ, ಊಟ, ಉಡುಪು?

ಅವೂ ಸೇರುತ್ತವೆ. ಆದರೆ ದೀಪಾವಳಿಗೆ ರಜೆ ಕೊಡುವುದು, ಕ್ಯಾಂಟೀನಿನಲ್ಲಿ ಸಸ್ಯಾಹಾರ ಇಡುವುದು ಸುಲಭದ ಭಾಗ. ಅದನ್ನು ಒಂದು ಸುತ್ತೋಲೆಯಲ್ಲಿ ಮುಗಿಸಬಹುದು.

ಕಷ್ಟದ ಭಾಗ ಕಣ್ಣಿಗೆ ಕಾಣುವುದಿಲ್ಲ. ಮೇಲಿನವರಿಗೆ ‘ಆಗಲ್ಲ’ ಎಂದು ಯಾರು ಹೇಳಬಹುದು? ಎಲ್ಲರ ಎದುರು ಹೇಳಬಹುದಾ, ಆಮೇಲೆ ಕ್ಯಾಬಿನ್ನಿಗೆ ಹೋಗಿ ಹೇಳಬೇಕಾ? ಮೀಟಿಂಗಿನಲ್ಲಿ ಒಬ್ಬರು ಸುಮ್ಮನೆ ಕೂತರೆ ಅದು ಒಪ್ಪಿಗೆಯಾ, ಬೇಸರವಾ, ಮರ್ಯಾದೆಯಾ? ತೀರ್ಮಾನ ಮೀಟಿಂಗಿನ ಒಳಗೆ ಆಗುತ್ತದಾ, ಅದಕ್ಕೂ ಮೊದಲೇ ಆಗಿರುತ್ತದಾ? ತಪ್ಪಾದರೆ ಬೈಗುಳ ಯಾರ ಪಾಲಿಗೆ?

ನಮ್ಮ ‘ನೋಡೋಣ’ ಎಂಬ ಮಾತನ್ನೇ ತಗೊಳ್ಳಿ. ಹುಬ್ಬಳ್ಳಿಯಲ್ಲಾಗಲಿ ಮೈಸೂರಿನಲ್ಲಾಗಲಿ, ಹೇಳುವ ದನಿಯಿಂದಲೇ ಅದು ಹೌದೋ ಅಲ್ಲವೋ ಗೊತ್ತಾಗುತ್ತದೆ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಇಮೇಲ್ ಮಾಡಿದರೆ ದನಿ ಹೋಗಿಬಿಡುತ್ತದೆ. ಸ್ಟಾಕ್‌ಹೋಮಿನಲ್ಲಿ ಕೂತು ಓದುವವರಿಗೆ ಬರೀ ಅಕ್ಷರ ಉಳಿಯುತ್ತದೆ.

ಇದನ್ನೆಲ್ಲ ಅಳೆಯೋದು ಸಾಧ್ಯವಾ?

ಒಂದು ಮಟ್ಟಿಗೆ. ಗೀರ್ಟ್ ಹಾಫ್‌ಸ್ಟೀಡ್ ಎಂಬ ಡಚ್ ವಿದ್ವಾಂಸರು 1967ರಿಂದ 1973ರ ನಡುವೆ ಹಲವು ದೇಶಗಳ ಐಬಿಎಂ ನೌಕರರಿಂದ ಪಡೆದ ಒಂದು ಲಕ್ಷಕ್ಕೂ ಜಾಸ್ತಿ ಉತ್ತರಗಳನ್ನು ಹೋಲಿಸಿದರು. ಅವರು ಕೊಟ್ಟ ಅಳತೆಗಳಲ್ಲಿ ಒಂದು ‘ಅಧಿಕಾರದ ಅಂತರ’. ಮೇಲೆ ಕೂತವರು, ಕೆಳಗೆ ಕೂತವರು ಎಂಬ ವ್ಯತ್ಯಾಸವನ್ನು ಜನ ಎಷ್ಟು ಸಹಜ ಎಂದು ಒಪ್ಪುತ್ತಾರೆ ಎಂಬುದರ ಅಂಕ ಅದು. ಅದರಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40, ಜರ್ಮನಿಗೆ 35, ಸ್ವೀಡನ್‌ಗೆ 31.

1988ರಲ್ಲಿ ಇಬ್ಬರು ಸಂಶೋಧಕರು ಈ ಅಂಕಗಳನ್ನೇ ಹಿಡಿದು ಎರಡು ದೇಶಗಳ ‘ಸಾಂಸ್ಕೃತಿಕ ದೂರ’ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಇವತ್ತಿಗೂ ಅದು ಬಳಕೆಯಲ್ಲಿದೆ. ನನ್ನ ಅಭಿಪ್ರಾಯ ಕೇಳಿದರೆ, ಈ ಅಂಕಗಳನ್ನು ಮಾತು ಶುರು ಮಾಡಲು ಬಳಸಿ, ಮನುಷ್ಯರನ್ನು ತೂಗಲು ಬೇಡ. ಭಾರತಕ್ಕೆ ಒಂದೇ ಅಂಕ ಎಂದರೆ ಮಂಗಳೂರಿನ ಬ್ಯಾಂಕ್ ಶಾಖೆಗೂ ಗುರುಗ್ರಾಮದ ಸೇಲ್ಸ್ ಆಫೀಸಿಗೂ ಅದೇ ಅಂಕ. ಅಲ್ಲಿ ಕೆಲಸ ಮಾಡಿದವರು ಇದನ್ನು ಒಪ್ಪಲಿಕ್ಕಿಲ್ಲ.

ಸಂಸ್ಕೃತಿಯಿಂದ ಕೆಟ್ಟ ಡೀಲ್ ಎಂದರೆ ಎಲ್ಲರೂ ಡೈಮ್ಲರ್–ಕ್ರೈಸ್ಲರ್ ಹೆಸರು ಹೇಳುತ್ತಾರೆ. ನಿಜಕ್ಕೂ ಅಲ್ಲಿ ಏನಾಯಿತು?

1998ರ ಮೇ ತಿಂಗಳು. ಜರ್ಮನಿಯ ಸ್ಟುಟ್‌ಗಾರ್ಟಿನ ಡೈಮ್ಲರ್-ಬೆಂಜ್, ಅಮೆರಿಕದ ಮಿಷಿಗನ್ ರಾಜ್ಯದ ಕ್ರೈಸ್ಲರ್ ಎಂಬ ಕಾರು ಕಂಪನಿಗಳು ಒಂದಾಗುತ್ತೇವೆ ಎಂದು ಘೋಷಿಸಿದವು. ವ್ಯವಹಾರದ ಮೊತ್ತ ಸುಮಾರು 3,600 ಕೋಟಿ ಡಾಲರ್. ಇದು ಸಮಾನರ ವಿಲೀನ ಎಂದರು. ಎರಡು ಕೇಂದ್ರ ಕಚೇರಿ ಇಟ್ಟುಕೊಂಡರು. ಡೈಮ್ಲರ್‌ನ ಯೂರ್ಗೆನ್ ಶ್ರೆಂಪ್ ಮತ್ತು ಕ್ರೈಸ್ಲರ್‌ನ ರಾಬರ್ಟ್ ಈಟನ್ ಇಬ್ಬರೂ ಜಂಟಿ ಮುಖ್ಯಸ್ಥರಾದರು.

ಸಂಬಳದಿಂದಲೇ ಇರುಸುಮುರುಸು ಶುರುವಾಯಿತು. ಅಮೆರಿಕದ ಪದ್ಧತಿಯಂತೆ ಈಟನ್‌ಗೆ ಶ್ರೆಂಪ್‌ಗಿಂತ ಹಲವು ಪಟ್ಟು ಜಾಸ್ತಿ ಸಂಬಳ ಇತ್ತು. ಕೊಂಡ ಕಂಪನಿಯ ಯಜಮಾನರಿಗಿಂತ ಮಾರಾಟವಾದ ಕಂಪನಿಯ ಮ್ಯಾನೇಜರ್‌ಗಳು ಶ್ರೀಮಂತರು! ಜರ್ಮನರಿಗೆ ದಪ್ಪ ವರದಿ ಬೇಕು, ಒಂದೊಂದು ಹಂತದಲ್ಲೂ ಸಹಿ ಬೇಕು. ಕ್ರೈಸ್ಲರ್‌ನಲ್ಲಿ ಡಿಸೈನ್, ಖರೀದಿ, ತಯಾರಿಕೆ ಎಲ್ಲ ವಿಭಾಗದವರನ್ನು ಒಂದೇ ಟೀಮಿನಲ್ಲಿ ಕೂರಿಸಿ ಬೇಗ ಕಾರು ತರುವ ರೂಢಿ. 90ರ ದಶಕದಲ್ಲಿ ಕ್ರೈಸ್ಲರ್ ಚೇತರಿಸಿಕೊಂಡಿದ್ದರಲ್ಲಿ ಆ ರೂಢಿಯ ಪಾಲು ದೊಡ್ಡದು.

ಇಷ್ಟನ್ನು ಹೇಗೋ ಸರಿಮಾಡಬಹುದಿತ್ತು. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು 2000ದಲ್ಲಿ. ಕ್ರೈಸ್ಲರ್ ಒಂದು ವಿಭಾಗವಾಗಿ ಇರಬೇಕೆಂಬುದೇ ಮೊದಲಿನಿಂದ ತಮ್ಮ ಯೋಜನೆ, ಅದನ್ನು ಮುಂಚೆಯೇ ಹೇಳಿದ್ದರೆ ಡೀಲ್ ಆಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಶ್ರೆಂಪ್ ಆ ವರ್ಷ ಪತ್ರಿಕೆಯೊಂದಕ್ಕೆ ಹೇಳಿದರು. ಡೆಟ್ರಾಯಿಟ್ ಕಡೆಯ ಕ್ರೈಸ್ಲರ್ ನೌಕರರಿಗೆ ಹೇಗಾಗಿರಬೇಡ? ಈಟನ್ ಆಗಲೇ ನಿವೃತ್ತರಾಗಿದ್ದರು. ಅವರ ನಂತರ ಕ್ರೈಸ್ಲರ್ ನೋಡಿಕೊಳ್ಳುತ್ತಿದ್ದ ಅಮೆರಿಕನ್ ಮುಖ್ಯಸ್ಥರನ್ನು ಅದೇ ವರ್ಷ ತೆಗೆದು ಜರ್ಮನಿಯಿಂದ ಡೀಟರ್ ಜೆಟ್ಶೆ ಅವರನ್ನು ಕಳಿಸಿದರು. ಷೇರುದಾರರು ಕೋರ್ಟಿಗೆ ಹೋದರು. 2003ರಲ್ಲಿ ಒಂದು ಮೊಕದ್ದಮೆಯನ್ನು ಕಂಪನಿ 30 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಂಡಿತು. 2007ರಲ್ಲಿ ಕ್ರೈಸ್ಲರ್‌ನ ಶೇ 80.1 ಪಾಲು ಸೆರ್ಬೆರಸ್ ಎಂಬ ಹೂಡಿಕೆ ಕಂಪನಿಗೆ ಹೋಯಿತು.

ಇದನ್ನು ಜರ್ಮನ್ ಶಿಸ್ತು, ಅಮೆರಿಕನ್ ವೇಗ ಇವುಗಳ ಜಗಳ ಎಂದಷ್ಟೇ ಓದುವುದು ನನಗೆ ಸರಿ ಕಾಣುವುದಿಲ್ಲ. ಸಮಾನ ಎಂದು ಕರೆತಂದು, ಆಮೇಲೆ ನೀನು ಕೆಳಗಿನವನು ಎಂದರೆ ಯಾವ ಸಂಸ್ಕೃತಿಯವರೂ ಸಹಿಸುವುದಿಲ್ಲ. ಮಾತು ತಪ್ಪಿದ ಮೇಲೆ ಸಣ್ಣ ವ್ಯತ್ಯಾಸವೂ ದೊಡ್ಡ ಗಾಯವಾಯಿತು.

ಗ್ರಾಹಕರ ಸಂಸ್ಕೃತಿಯೂ ಲೆಕ್ಕಕ್ಕೆ ಬರುತ್ತದಾ?

ಖಂಡಿತ. ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಜರ್ಮನಿಗೆ ಹೋದ ಕಥೆ ನೋಡಿ. 1997ರ ಕೊನೆಯಲ್ಲಿ ವೆರ್ಟ್‌ಕಾಫ್ ಎಂಬ ಕಂಪನಿಯ 21 ಮಳಿಗೆ ಕೊಂಡಿತು. ಮರುವರ್ಷ ಇಂಟರ್‌ಸ್ಪಾರ್‌ನ 74 ಮಳಿಗೆ. ಮೊದಲು ಕಳಿಸಿದ ಮುಖ್ಯಸ್ಥರಿಗೆ ಜರ್ಮನ್ ಬರುತ್ತಿರಲಿಲ್ಲ. ಆಡಳಿತದ ಭಾಷೆ ಇಂಗ್ಲಿಷ್ ಎಂದಾಯಿತು.

ಅದರ ಅಮೆರಿಕದ ಅಂಗಡಿಗಳಲ್ಲಿ ಬಾಗಿಲಲ್ಲಿ ನಿಂತು ಸ್ವಾಗತಿಸುವವರು ಇರುತ್ತಿದ್ದರು. ಕ್ಯಾಷಿಯರ್ ಮುಗುಳ್ನಗಬೇಕಿತ್ತು. ಸಾಮಾನನ್ನು ಸಿಬ್ಬಂದಿಯೇ ಚೀಲಕ್ಕೆ ತುಂಬಿಕೊಡುತ್ತಿದ್ದರು. ಇದನ್ನೆಲ್ಲ ಹಾಗೇ ಜರ್ಮನಿಗೆ ತಂದರು. ಅಲ್ಲಿಯ ಜನ ತಮ್ಮ ಚೀಲ ತಾವೇ ತುಂಬುವವರು. ತಮ್ಮ ತರಕಾರಿಯನ್ನು ಅಪರಿಚಿತರು ಮುಟ್ಟುವುದು ಅವರಿಗೆ ಇಷ್ಟವಾಗಲಿಲ್ಲ. ಗುರುತಿಲ್ಲದವರು ನಕ್ಕರೆ ಕೆಲವರು ಬೇರೆಯೇ ಅರ್ಥ ಮಾಡಿಕೊಂಡರು. ನೌಕರರ ನಡುವಿನ ಪ್ರೇಮ ಸಂಬಂಧಗಳಿಗೂ ಕಂಪನಿಯ ನೀತಿಸಂಹಿತೆ ಕಡಿವಾಣ ಹಾಕಲು ಹೋಯಿತು. 2005ರಲ್ಲಿ ಜರ್ಮನ್ ಕೋರ್ಟು ಅದನ್ನು ಒಪ್ಪಲಿಲ್ಲ. 2006ರಲ್ಲಿ 85 ಮಳಿಗೆಗಳನ್ನು ಮೆಟ್ರೋ ಕಂಪನಿಗೆ ಮಾರಿ ವಾಲ್‌ಮಾರ್ಟ್ ಹೊರಬಂತು. ಹೊರಬರುವಾಗ ಬರೆದುಕೊಂಡ ನಷ್ಟ ಸುಮಾರು 100 ಕೋಟಿ ಡಾಲರ್.

ಒಂದು ಮಾತು ಸೇರಿಸಬೇಕು. ಆಲ್ಡಿ, ಲಿಡ್ಲ್ ಎಂಬ ಅಗ್ಗದ ಅಂಗಡಿಗಳು ಅಲ್ಲಿ ಆಗಲೇ ಬೇರು ಬಿಟ್ಟಿದ್ದವು. ಅಸಲಿಗಿಂತ ಕಡಿಮೆಗೆ ಮಾರುವುದಕ್ಕೆ ಅಲ್ಲಿಯ ಕಾನೂನು ತಡೆ ಹಾಕುತ್ತದೆ. ನಗು ಒಂದರಿಂದಲೇ ಸೋತರು ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಅದೇ ವಾಲ್‌ಮಾರ್ಟ್ 2018ರಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. ಫ್ಲಿಪ್‌ಕಾರ್ಟ್ ಹೆಸರು ಹಾಗೇ ಉಳಿಯಿತು. ಕಚೇರಿ ಬೆಂಗಳೂರಿನಲ್ಲೇ ಇದೆ.

ಇಷ್ಟು ಸಣ್ಣ ವಿಷಯಕ್ಕೆಲ್ಲ ಮನಸ್ತಾಪ ಬರುತ್ತದಾ?

ಬರುತ್ತದೆ. 1995ರಲ್ಲಿ ಸ್ವೀಡನ್ನಿನ ಫಾರ್ಮೇಸಿಯಾ, ಅಮೆರಿಕದ ಅಪ್‌ಜಾನ್ ಎಂಬ ಔಷಧ ಕಂಪನಿಗಳು ಒಂದಾದವು. ಬೇಸಿಗೆಯಲ್ಲಿ ಸ್ವೀಡನ್ನಿನವರು ವಾರಗಟ್ಟಲೆ ರಜೆ ಹೋಗುತ್ತಾರೆ. ಇದು ತಿಳಿಯದ ಅಮೆರಿಕನ್ನರು ಆಗಲೇ ಮೀಟಿಂಗ್ ಇಟ್ಟರು. ಫಾರ್ಮೇಸಿಯಾದ ಇಟಲಿ ವಿಭಾಗದಲ್ಲಿ ಮಧ್ಯಾಹ್ನದ ಊಟಕ್ಕೆ ವೈನ್ ಇರುವುದು ಮಾಮೂಲು. ಅಪ್‌ಜಾನ್‌ನ ನಿಯಮದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಯಾರಿಗೂ ಬೇಸರವಾಗದಿರಲಿ ಎಂದು ಕೇಂದ್ರ ಕಚೇರಿಯನ್ನು ಇಂಗ್ಲೆಂಡಿನಲ್ಲಿ ತೆರೆದರು. ಹಳೆಯ ಕಚೇರಿಗಳ ಮೇಲೆ ಇನ್ನೊಂದು ಕಚೇರಿ ಕೂತ ಹಾಗಾಯಿತು. 1997ರ ಆರಂಭದಲ್ಲಿ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಸಹಿ ಹಾಕುವ ಮೊದಲೇ ಸಂಸ್ಕೃತಿ ಅಡ್ಡ ಬರಬಹುದಾ?

2006ರಲ್ಲಿ ಲಕ್ಷ್ಮಿ ಮಿತ್ತಲ್ ಅವರ ಮಿತ್ತಲ್ ಸ್ಟೀಲ್ ಯುರೋಪಿನ ಉಕ್ಕು ಕಂಪನಿ ಆರ್ಸೆಲರ್ ಕೊಳ್ಳಲು ಮುಂದಾಯಿತು. ಆರ್ಸೆಲರ್ ಮುಖ್ಯಸ್ಥ ಗಿ ಡೋಲೆ ಕೊಟ್ಟ ಹೋಲಿಕೆ ನೆನಪಿದೆಯಾ? ನಮ್ಮದು ಸುಗಂಧದ್ರವ್ಯ, ಅವರದ್ದು ಬರೀ ಕೊಲೋನ್ ಎಂಬಂಥ ಮಾತು. ಉಕ್ಕಿನ ಗುಣಮಟ್ಟದ ಬಗ್ಗೆ ಹೇಳಿದ್ದು ಎಂದರೂ, ಕೇಳಿದ ಎಷ್ಟೋ ಭಾರತೀಯರಿಗೆ ಅದರಲ್ಲಿ ಬೇರೆ ವಾಸನೆ ಬಂತು. ಮಿತ್ತಲ್ ಅವರಿಂದ ತಪ್ಪಿಸಿಕೊಳ್ಳಲು ಆರ್ಸೆಲರ್ ರಷ್ಯಾದ ಸೆವೆರ್‌ಸ್ಟಾಲ್ ಜೊತೆ ಸೇರಲು ಹೊರಟಿತು. ಷೇರುದಾರರು ಒಪ್ಪಲಿಲ್ಲ. ಜನವರಿಯಲ್ಲಿ ಶುರುವಾದ ಹಗ್ಗಜಗ್ಗಾಟ ಜೂನ್ ಕೊನೆಗೆ ಮುಗಿಯಿತು, ಮಿತ್ತಲ್ ಮೊದಲು ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಬೆಲೆ ಕೊಟ್ಟರು.

ಇದರ ಎದುರಿಗೆ ನನಗೆ ಬಹಳ ಇಷ್ಟವಾದ ಇನ್ನೊಂದು ಘಟನೆ ಇಡುತ್ತೇನೆ. 2004ರಲ್ಲಿ ಟಾಟಾ ಮೋಟರ್ಸ್ ದಕ್ಷಿಣ ಕೊರಿಯಾದ ಗುನ್ಸಾನ್ ಊರಿನ ಡೇವೂ ಲಾರಿ ಕಂಪನಿಯನ್ನು 10.2 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿಯವರಿಗೆ ಭಾರತದ ಯಜಮಾನರು ಹೊಸಬರು. ಟಾಟಾದವರು ತಮ್ಮ ಪರಿಚಯ ಪತ್ರಗಳನ್ನು ಕೊರಿಯನ್ ಭಾಷೆಯಲ್ಲೇ ಮಾಡಿಸಿಕೊಂಡು ಹೋದರು. ನೌಕರರ ಯೂನಿಯನ್ನಿನ ಜೊತೆ, ಊರಿನ ಆಡಳಿತದವರ ಜೊತೆ ಮಾತಾಡಿದರು. ಕೊಂಡ ಮೇಲೆ ಡೇವೂ ಹೆಸರನ್ನು ಅಳಿಸಲಿಲ್ಲ, ಟಾಟಾ ಡೇವೂ ಎಂದು ಇಟ್ಟರು. ಕಾರ್ಖಾನೆ ನಡೆಸಲು ಕೊರಿಯನ್ನರನ್ನೇ ಬಿಟ್ಟರು. ಇದಕ್ಕೆಲ್ಲ ಆದ ಖರ್ಚು ಖರೀದಿಯ ಮೊತ್ತದ ಮುಂದೆ ಎಷ್ಟು ಮಾತ್ರ?

ಭಾರತೀಯ ಕಂಪನಿಗಳು ಕೊಂಡ ಮೇಲೆ ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತವೆ?

ದೊಡ್ಡ ಉದಾಹರಣೆಗಳನ್ನು ನೋಡಿದರೆ, ‘ನಿಮ್ಮ ಕೆಲಸ ನೀವು ಮಾಡಿ’ ಎಂಬ ದಾರಿ ಕಾಣುತ್ತದೆ. 2000ದಲ್ಲಿ ಟಾಟಾ ಟೀ 27.1 ಕೋಟಿ ಪೌಂಡಿಗೆ ಬ್ರಿಟನ್ನಿನ ಟೆಟ್ಲಿ ಕೊಂಡಾಗ, ಕೊಂಡವರಿಗಿಂತ ಮಾರಾಟವಾದ ಕಂಪನಿಯೇ ದೊಡ್ಡದಿತ್ತು. ಟಾಟಾದವರು ಅವಸರ ಮಾಡಲಿಲ್ಲ. ಎರಡೂ ಕಂಪನಿಗಳು ಎಷ್ಟೋ ವರ್ಷ ಬೇರೆ ಬೇರೆಯಾಗಿಯೇ ನಡೆದವು.

2008ರ ಜೂನ್‌ನಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಟಾಟಾ ಮೋಟರ್ಸ್ ಕೈಗೆ ಬಂತು, 230 ಕೋಟಿ ಡಾಲರಿಗೆ. ಭಾರತೀಯರ ಕೈಗೆ ಹೋದರೆ ಅಮೆರಿಕದ ಗ್ರಾಹಕರು ಒಪ್ಪಲಾರರು ಎಂದು ಅಲ್ಲಿಯ ಜಾಗ್ವಾರ್ ಡೀಲರ್‌ಗಳ ಮುಖಂಡರೊಬ್ಬರು ಅದಕ್ಕೂ ಮೊದಲೇ ಬಾಯಿಬಿಟ್ಟು ಹೇಳಿದ್ದರು. ಅದೇ ಹೊತ್ತಿಗೆ ಬ್ರಿಟನ್ನಿನ ಕಾರ್ಮಿಕ ಯೂನಿಯನ್ ಟಾಟಾ ಪರ ನಿಂತಿತು. ಬಂದ ಕೆಲವೇ ತಿಂಗಳಲ್ಲಿ ಜಗತ್ತಿನ ಹಣಕಾಸು ಕುಸಿಯಿತು. ಆಗಲೂ ಡಿಸೈನು, ಎಂಜಿನಿಯರಿಂಗ್ ಇಂಗ್ಲೆಂಡಿನಲ್ಲೇ ಉಳಿದವು. 2010ರಲ್ಲಿ ಹಿಂದೆ ಬಿಎಂಡಬ್ಲ್ಯುನಲ್ಲಿದ್ದ ಜರ್ಮನ್ನರಾದ ರಾಲ್ಫ್ ಸ್ಪೆತ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಅವರು ಹತ್ತು ವರ್ಷ ಅಲ್ಲಿದ್ದರು. ಭಾರತದ ಹಣ, ಇಂಗ್ಲೆಂಡಿನ ಕಾರ್ಖಾನೆ, ಜರ್ಮನ್ ಮುಖ್ಯಸ್ಥ. ಕೇಳಲು ವಿಚಿತ್ರ, ಆದರೆ ನಡೆಯಿತು.

ಹಾಗಾದರೆ ಕೈ ಹಾಕದೆ ಬಿಡುವುದೇ ಉತ್ತಮವಾ?

ಯಾವಾಗಲೂ ಅಲ್ಲ. ಜಪಾನಿನ ದಾಯಿಚಿ ಸಾಂಕ್ಯೊ 2008ರಲ್ಲಿ ಸುಮಾರು 460 ಕೋಟಿ ಡಾಲರ್ ಕೊಟ್ಟು ಭಾರತದ ಔಷಧ ಕಂಪನಿ ರ‍್ಯಾನ್‌ಬಾಕ್ಸಿಯ ಹೆಚ್ಚಿನ ಪಾಲು ಕೊಂಡಿತು. ಹಳೆಯ ಮುಖ್ಯಸ್ಥರನ್ನೇ ಮುಂದುವರಿಸಿತು. ಡೀಲ್ ಘೋಷಣೆಯಾಗಿ ಮೂರು ತಿಂಗಳಿಗೆ ಅಮೆರಿಕದ ಔಷಧ ನಿಯಂತ್ರಕರು ಪಾವುಂಟಾ ಸಾಹಿಬ್ ಮತ್ತು ದೇವಾಸ್ ಘಟಕಗಳ ಹಲವು ಔಷಧಗಳ ಆಮದು ನಿಲ್ಲಿಸಿದರು. 2013ರಲ್ಲಿ ರ‍್ಯಾನ್‌ಬಾಕ್ಸಿ ತಪ್ಪೊಪ್ಪಿಕೊಂಡು ಅಮೆರಿಕಕ್ಕೆ 50 ಕೋಟಿ ಡಾಲರ್ ಕಟ್ಟಬೇಕಾಯಿತು. ಮುಖ್ಯ ಮಾಹಿತಿ ತಮ್ಮಿಂದ ಮುಚ್ಚಿಟ್ಟಿದ್ದರು ಎಂದು ದಾಯಿಚಿ ಹಳೆಯ ಮಾಲೀಕರ ಮೇಲೆ ಸಿಂಗಾಪುರದಲ್ಲಿ ಮಧ್ಯಸ್ಥಿಕೆ ದಾವೆ ಹೂಡಿ 2016ರಲ್ಲಿ ಗೆದ್ದಿತು.

ಈ ಕಥೆಯನ್ನು ‘ಜಪಾನ್ ಮತ್ತು ಭಾರತದ ಸಂಸ್ಕೃತಿ ಕೂಡಲಿಲ್ಲ’ ಎಂದು ಬರೆದವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಔಷಧದ ದಾಖಲೆ ಸರಿ ಇಲ್ಲದಿರುವುದು ಯಾವ ದೇಶದ ಸಂಸ್ಕೃತಿಯೂ ಅಲ್ಲ. ಮಾತ್ರೆ ನುಂಗುವ ರೋಗಿಗೆ ಅದು ಜೀವದ ಪ್ರಶ್ನೆ. ಗೌರವದಿಂದ ದೂರ ನಿಲ್ಲುವುದು ಬೇರೆ, ಪರೀಕ್ಷೆ ಮಾಡದೆ ನಂಬುವುದು ಬೇರೆ.

ಸೋತ ಡೀಲ್‌ಗೆಲ್ಲ ಸಂಸ್ಕೃತಿಯನ್ನೇ ದೂರುವುದು ನೆಪ ಅಲ್ವಾ?

ಎಷ್ಟೋ ಸಲ ಹೌದು. ಬೆಂಗಳೂರಿನ ಯುಬಿ ಗ್ರೂಪ್ 2007ರಲ್ಲಿ ಸ್ಕಾಟ್ಲೆಂಡಿನ ವೈಟ್ ಅಂಡ್ ಮ್ಯಾಕೇ ವಿಸ್ಕಿ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. 2014ರಲ್ಲಿ ಅದು 43 ಕೋಟಿ ಪೌಂಡಿಗೆ ಫಿಲಿಪ್ಪೀನ್ಸ್‌ನ ಎಂಪೆರಡಾರ್ ಪಾಲಾಯಿತು. ಸಂಸ್ಕೃತಿ ಅದಕ್ಕೆ ಕಾರಣವಲ್ಲ. ವೈಟ್ ಅಂಡ್ ಮ್ಯಾಕೇ ಯುಬಿಯ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಒಡೆತನದಲ್ಲಿತ್ತು. ಅದು ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೊ ಕೈಗೆ ಹೋದಾಗ, ಬ್ರಿಟನ್ನಿನ ವಿಸ್ಕಿ ಮಾರುಕಟ್ಟೆಯಲ್ಲಿ ಪೈಪೋಟಿ ಕಡಿಮೆಯಾಗುತ್ತದೆ ಎಂದು ಅಲ್ಲಿಯ ನಿಯಂತ್ರಕರು ಆಕ್ಷೇಪಿಸಿದರು, ಹಾಗಾಗಿ ಮಾರಬೇಕಾಯಿತು.

ಯುರೋಪಿನ ಉಕ್ಕು ಕಂಪನಿ ಕೋರಸ್ ವಿಷಯ ಸ್ವಲ್ಪ ಗೋಜಲು. 2007ರಲ್ಲಿ ಟಾಟಾ ಸ್ಟೀಲ್ ಬ್ರೆಜಿಲ್ಲಿನ ಸಿಎಸ್‌ಎನ್ ಜೊತೆ ಹರಾಜಿಗೆ ಬಿದ್ದು, ಷೇರಿಗೆ 608 ಪೆನ್ಸ್‌ನಂತೆ ಸುಮಾರು 620 ಕೋಟಿ ಪೌಂಡ್ ಕೊಟ್ಟು ಅದನ್ನು ಕೊಂಡಿತು. ಮರುವರ್ಷವೇ ಉಕ್ಕಿನ ಬೇಡಿಕೆ ಬಿತ್ತು. ಹಿಂದೆ ಕೋರಸ್‌ನದಾಗಿದ್ದ ವೇಲ್ಸ್‌ನ ಪೋರ್ಟ್ ಟಾಲ್ಬೊಟ್ ಕಾರ್ಖಾನೆಯ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್‌ನಲ್ಲಿ ಆರಿತು. ಇಲ್ಲಿ ಬೆಲೆ, ಮಾರುಕಟ್ಟೆ, ಹಳೆಯ ಕುಲುಮೆಗಳೇ ಮುಖ್ಯ ಕಾರಣ.

ಆದರೆ ಕೋರಸ್ ಎಂಬುದೇ 1999ರಲ್ಲಿ ಬ್ರಿಟಿಷ್ ಸ್ಟೀಲ್ ಮತ್ತು ಹಾಲೆಂಡಿನ ಹೂಗೊವೆನ್ಸ್ ಸೇರಿ ಆದ ಕಂಪನಿ. ಆ ಎರಡು ಬಣಗಳೇ ಪೂರ್ತಿ ಒಂದಾಗಿರಲಿಲ್ಲ. 2003ರಲ್ಲಿ ಲಂಡನ್ನಿನವರು ಅಲ್ಯೂಮಿನಿಯಂ ವಿಭಾಗ ಮಾರಲು ಹೊರಟಾಗ ಡಚ್ ಮೇಲ್ವಿಚಾರಣಾ ಮಂಡಳಿ ಅಡ್ಡ ನಿಂತಿತು. ನಮ್ಮ ಕಡೆ ಸಿಗುವ ಹಣ ಬ್ರಿಟನ್ನಿನ ನಷ್ಟ ತುಂಬಲು ಹೋಗುತ್ತದೆ ಎಂಬ ಅನುಮಾನ ಅವರದು. ಟಾಟಾ ಕೊಂಡದ್ದು ಇಂಥ ಮನೆಯನ್ನು. ಕೊಳ್ಳುವ ಕಂಪನಿಯೊಳಗೆ ಹಳೆಯ ಬಿರುಕು ಇದೆಯಾ ಎಂದು ನೋಡುವವರು ಕಡಿಮೆ.

ಭಾಷೆಯ ಸಮಸ್ಯೆಗೆ ಇಂಗ್ಲಿಷ್ ಸಾಕಲ್ವಾ?

ಬೀಜಿಂಗಿನ ಲೆನೊವೊ 2005ರಲ್ಲಿ ಐಬಿಎಂನ ಕಂಪ್ಯೂಟರ್ ವಿಭಾಗವನ್ನು ಸಾಲದ ಹೊಣೆ ಸೇರಿ 175 ಕೋಟಿ ಡಾಲರಿಗೆ ಕೊಂಡಿತು. ಇಂಗ್ಲಿಷನ್ನು ಕಂಪನಿಯ ಭಾಷೆ ಮಾಡಿತು. ಅಧ್ಯಕ್ಷರಾದ ಯಾಂಗ್ ಯುವಾನ್‌ಚಿಂಗ್ ಭಾಷೆ ಕಲಿಯಲೆಂದೇ ಸಂಸಾರ ಸಮೇತ ಅಮೆರಿಕಕ್ಕೆ ಹೋದರು. ಕೊಂಡವರು ಕಲಿಯಲು ಕೂತದ್ದು ಇಲ್ಲಿ ವಿಶೇಷ.

ಆದರೂ ಮೀಟಿಂಗಿನಲ್ಲಿ ಅಮೆರಿಕನ್ನರು ಮಾತಾಡುತ್ತಿದ್ದರು, ಚೀನೀಯರು ಸುಮ್ಮನಿರುತ್ತಿದ್ದರು. ಒಪ್ಪಿದ್ದಾರೆ ಎಂದು ಒಬ್ಬರು ತಿಳಿದರು. ಮಾತಾಡಲು ಸಂದು ಕೊಡಲಿಲ್ಲ ಎಂದು ಇನ್ನೊಬ್ಬರು ತಿಳಿದರು. ಕಂಪನಿ ಇದಕ್ಕಾಗಿಯೇ ತರಬೇತಿ ಇಟ್ಟಿತು.

ಲೆನೊವೊದಲ್ಲಿ ಮೊದಲು ನಮ್ಮ ‘ಸಾರ್’ ಹಾಗೆ ಹುದ್ದೆಯಿಂದಲೇ ಕರೆಯುವ ಪದ್ಧತಿ ಇತ್ತು. ಈ ಖರೀದಿಗೂ ಕೆಲವು ವರ್ಷ ಮೊದಲು ಯಾಂಗ್ ತಮ್ಮನ್ನು ಹೆಸರಿನಿಂದಲೇ ಕರೆಯಿರಿ ಎಂದರು. ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ಹಿರಿಯ ಅಧಿಕಾರಿಗಳು ಬೆಳಿಗ್ಗೆ ಬಾಗಿಲಲ್ಲಿ ಹೆಸರಿನ ಚೀಟಿ ಹಾಕಿಕೊಂಡು ನಿಂತು, ಬಂದವರಿಗೆಲ್ಲ ಹೆಸರು ಹೇಳಿ ಕೈಕುಲುಕಿದರು. ಮನೆಯಲ್ಲಿ ಅಣ್ಣನನ್ನೂ ಹೆಸರು ಹಿಡಿದು ಕರೆಯದ ನಮಗೆ ಆ ಮುಜುಗರ ಚೆನ್ನಾಗಿ ಅರ್ಥವಾಗುತ್ತದೆ.

ಸಂಸ್ಕೃತಿ ದೂರವಾದಷ್ಟೂ ನಷ್ಟ ಜಾಸ್ತಿ ಎಂಬುದು ನಿಜವಾ?

ಹಾಗೆ ಹೇಳಲು ಆಗುವುದಿಲ್ಲ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ 1987ರಿಂದ 1992ರ ನಡುವೆ ಇಟಲಿಗೆ ಸಂಬಂಧಿಸಿದ 52 ಗಡಿಯಾಚೆಯ ಖರೀದಿಗಳನ್ನು ನೋಡಿತು. ದೂರದ ಸಂಸ್ಕೃತಿಯ ಕಂಪನಿ ಕೊಂಡವರ ಮಾರಾಟವೇ ನಂತರ ಚೆನ್ನಾಗಿ ಬೆಳೆದಿತ್ತು. ತಮ್ಮಲ್ಲಿಲ್ಲದ ಕೆಲಸದ ಕ್ರಮ ಅವರಿಗೆ ಅಲ್ಲಿ ಸಿಕ್ಕಿತು ಎಂಬುದು ಸಂಶೋಧಕರ ವಿವರಣೆ. ಹತ್ತು ವರ್ಷದ ನಂತರ 46 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಇನ್ನೊಂದು ಕೆಲಸವೂ ಒಂದೇ ಉತ್ತರ ಕೊಡಲಿಲ್ಲ. ಎರಡು ಕಂಪನಿಗಳನ್ನು ಎಷ್ಟು ಬಿಗಿಯಾಗಿ ಕೂಡಿಸುತ್ತಾರೆ ಎಂಬುದರ ಮೇಲೂ ಫಲಿತಾಂಶ ನಿಂತಿದೆ.

ದೂರದವರ ಜೊತೆ ವ್ಯವಹಾರ ಎಂದಾಗ ನಾವು ಎಚ್ಚರದಿಂದ ಇರುತ್ತೇವೆ, ಕೇಳಿ ತಿಳಿಯುತ್ತೇವೆ. ನಮ್ಮಂಥವರೇ ಎಂದುಕೊಂಡಾಗ ಕೇಳುವುದೇ ಇಲ್ಲ. ಜರ್ಮನ್ನರೂ ಅಮೆರಿಕನ್ನರೂ ತಮ್ಮ ನಡುವೆ ಅಂಥ ವ್ಯತ್ಯಾಸ ಇಲ್ಲ ಎಂದುಕೊಂಡಿದ್ದರು ಅನಿಸುತ್ತದೆ.

ಒಳಗೇ ನಾನಾ ಭಾಷೆಯ ಜನ ಇರುವ ಕಂಪನಿಗೆ ಇದು ಸುಲಭವಾಗುತ್ತದಾ? ಬೆಂಗಳೂರಿನ ಆಫೀಸುಗಳು ಹಾಗೇ ಇವೆಯಲ್ಲ.

ಸ್ವಲ್ಪ ಅನುಕೂಲ ಇದೆ. ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲ ಒಂದೇ ಟೇಬಲ್ಲಿನಲ್ಲಿ ಕೇಳುವವರಿಗೆ ‘ನನ್ನ ರೀತಿಯೇ ಲೋಕದ ರೀತಿ’ ಎಂಬ ಭ್ರಮೆ ಕಡಿಮೆ. ಆದರೆ ಐದು ಭಾಷೆ ಆಡುವ ಟೀಮಿನಲ್ಲೂ ಮ್ಯಾನೇಜರ್ ಮಾತಿಗೆ ಎದುರು ಹೇಳುವವರು ಒಬ್ಬರೂ ಇಲ್ಲದಿರಬಹುದು. ನಮ್ಮ ಟೀಮು ಹಾಗೇ ಇತ್ತು.

ತೀರ್ಮಾನ ಮಾಡುವ ಜಾಗದಲ್ಲಿ ಬೇರೆಯವರು ಕೂತಾಗ ನಿಜವಾದ ವ್ಯತ್ಯಾಸ ಆಗುತ್ತದೆ. ಬೆಂಗಳೂರಿನ ವಿಪ್ರೊ 2020ರಲ್ಲಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ಥಿಯರಿ ಡೆಲಾಪೋರ್ಟ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಮರುವರ್ಷ ಲಂಡನ್ನಿನ ಕ್ಯಾಪ್ಕೊ ಕಂಪನಿಯನ್ನು 145 ಕೋಟಿ ಡಾಲರಿಗೆ ಕೊಂಡಿತು. ವಿಪ್ರೊದ ಅಲ್ಲಿಯವರೆಗಿನ ಅತಿ ದೊಡ್ಡ ಖರೀದಿ ಅದು. ಕ್ಯಾಪ್ಕೊದಲ್ಲಿ ‘ಕೆಲಸದಲ್ಲೂ ನೀವು ನೀವಾಗಿಯೇ ಇರಿ’ ಎಂಬುದು ಮಂತ್ರದ ಹಾಗೆ. ಆ ಹೆಸರನ್ನೂ ಗುರುತನ್ನೂ ವಿಪ್ರೊ ಉಳಿಸಿಕೊಂಡಿತು. ಇನ್ಫೊಸಿಸ್ 2012ರಲ್ಲಿ ಜ್ಯೂರಿಕ್‌ನ ಲೋಡ್‌ಸ್ಟೋನ್ ಕೊಂಡದ್ದರ ಹಿಂದೆಯೂ ಯುರೋಪಿನ ಗ್ರಾಹಕರ ರೀತಿನೀತಿ ಬಲ್ಲವರು ಬೇಕೆಂಬ ಆಸೆ ಇತ್ತು.

ಐಟಿ ಬಿಟ್ಟು ನೋಡಿದರೆ, ಕೊಡಗಿನ ಪೊಲಿಬೆಟ್ಟದಲ್ಲಿ ನೋಂದಾಯಿತ ಕಚೇರಿ ಇದ್ದ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಏಯ್ಟ್ ಓ ಕ್ಲಾಕ್ ಕಾಫಿಯನ್ನು 22 ಕೋಟಿ ಡಾಲರಿಗೆ ಕೊಂಡಿತು. 1859ರಿಂದ ಬಂದ ಆ ಹೆಸರನ್ನು ಮುಟ್ಟಲಿಲ್ಲ. ಅಮೆರಿಕದ ಅಡುಗೆಮನೆಯಲ್ಲಿ ಆ ಪೊಟ್ಟಣ ತೆರೆಯುವವರಿಗೆ ಯಜಮಾನರು ಬದಲಾದದ್ದು ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ನಮ್ಮ ಕಂಪನಿಯನ್ನು ಹೊರದೇಶದವರು ಕೊಂಡಿದ್ದಾರೆ. ನಾನು ಸಾಮಾನ್ಯ ನೌಕರ. ಏನು ಮಾಡಲಿ?

ಮೊದಲು, ಗಾಬರಿಯಾಗಿ ತಕ್ಷಣ ರಾಜೀನಾಮೆ ಕೊಡಬೇಡಿ. ಗ್ರಾಚ್ಯುಟಿ, ರಜೆ, ನೋಟಿಸ್ ಅವಧಿ ಏನಾಗುತ್ತದೆ ಎಂದು ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ.

ಆಮೇಲೆ ಮಾತಿನ ವಿಷಯ. ‘ಟ್ರೈ ಮಾಡ್ತೀವಿ’ ಎನ್ನುವ ಬದಲು ‘ಈ ದಿನಾಂಕಕ್ಕೆ ಆಗುವುದಿಲ್ಲ, ಆ ದಿನಾಂಕಕ್ಕೆ ಆಗುತ್ತದೆ, ಕಾರಣ ಇದು’ ಎಂದು ಹೇಳಿ ನೋಡಿ. ಮೊದಲ ಸಲ ನಾಲಿಗೆ ತಡವರಿಸುತ್ತದೆ, ಒರಟಾಗಿ ಮಾತಾಡಿದೆನೇನೋ ಅನಿಸುತ್ತದೆ. ಡಚ್ಚರಿಗೆ, ಜರ್ಮನ್ನರಿಗೆ ಅದು ಒರಟಲ್ಲ. ಕಾಲ್ ಮುಗಿದ ಮೇಲೆ ಏನು ತೀರ್ಮಾನವಾಯಿತು ಎಂದು ಮೂರು ಸಾಲು ಬರೆದು ಕಳಿಸಿ. ನಮ್ಮ ಟೀಮಿನಲ್ಲಿ ಉಳಿದವರು ಕೊನೆಗೆ ಇದನ್ನೇ ಮಾಡಿದೆವು. ಜಗಳ ನಿಜವಾಗಿ ಕಡಿಮೆಯಾಯಿತು.

ಜಪಾನಿನವರಾದರೆ ಲೆಕ್ಕ ಬೇರೆ. ಮೀಟಿಂಗಿನಲ್ಲಿ ಎಲ್ಲರ ಎದುರು ‘ಆಗಲ್ಲ’ ಎನ್ನುವುದಕ್ಕಿಂತ, ಮೊದಲೇ ಒಬ್ಬೊಬ್ಬರ ಹತ್ತಿರ ಮಾತಾಡಿ ಒಪ್ಪಿಸುವುದು ಅಲ್ಲಿಯ ದಾರಿ. ‘ನೆಮಾವಾಶಿ’ ಎನ್ನುತ್ತಾರೆ. ಗಿಡ ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಮಣ್ಣು ಹದ ಮಾಡುವ ಕೆಲಸದಿಂದ ಬಂದ ಮಾತು. ನಮ್ಮ ಹಳ್ಳಿಗಳಲ್ಲಿ ಪಂಚಾಯ್ತಿ ಸೇರುವ ಮುಂಚೆ ಮನೆ ಮನೆಗೆ ಹೋಗಿ ಮಾತಾಡಿ ಬರುತ್ತಾರಲ್ಲ, ಹಾಗೆ.

ಕೊಳ್ಳುವವರು ಮೊದಲೇ ಏನು ಕೇಳಿ ತಿಳಿಯಬೇಕು?

ಲೆಕ್ಕಪತ್ರ ನೋಡಲು ಆಡಿಟರ್ ಕಳಿಸುತ್ತಾರೆ, ಕರಾರು ನೋಡಲು ವಕೀಲರನ್ನು ಕಳಿಸುತ್ತಾರೆ. ಜನರನ್ನು ನೋಡಲು ಎಷ್ಟೋ ಸಲ ಯಾರನ್ನೂ ಕಳಿಸುವುದಿಲ್ಲ. ನನ್ನ ಕೈಲಿ ಇದ್ದರೆ ಐದಾರು ಜನ ಮಧ್ಯಮ ಹಂತದ ಮ್ಯಾನೇಜರ್‌ಗಳ ಹತ್ತಿರ ಕೂತು ಇಷ್ಟು ಕೇಳುತ್ತೇನೆ: ಕಳೆದ ಸಲ ಬಾಸ್ ಮಾತಿಗೆ ಒಪ್ಪದಿದ್ದಾಗ ಏನು ಮಾಡಿದಿರಿ? ಒಂದು ಕೆಟ್ಟ ಸುದ್ದಿ ಮೇಲಿನವರಿಗೆ ಮುಟ್ಟಲು ಎಷ್ಟು ದಿನ ಬೇಕಾಯಿತು? ಇಲ್ಲಿಂದ ಯಾರು ಹೋದರೆ ಕೆಲಸ ನಿಲ್ಲುತ್ತದೆ? ಈ ಕೊನೆಯ ಪ್ರಶ್ನೆಗೆ ಬರುವ ಹೆಸರು ಆರ್ಗನೈಸೇಷನ್ ಚಾರ್ಟಿನಲ್ಲಿ ಮೇಲೆ ಇರುವುದೇ ಇಲ್ಲ. ಇಪ್ಪತ್ತು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುವವರದ್ದೋ, ಗ್ರಾಹಕರ ಫೋನ್ ಎತ್ತುವವರದ್ದೋ ಆಗಿರುತ್ತದೆ.

ಎರಡು ಕಂಪನಿ ಹೊಂದಿಕೊಳ್ಳಲು ಎಷ್ಟು ಕಾಲ ಬೇಕು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಾರಲ್ಲ, ಇದರಲ್ಲಿ ಎರಡೂ ಸೇರಿವೆ. ಹೊಸ ಯಜಮಾನರು ನೂರು ದಿನದ ಯೋಜನೆ ಹಾಕುತ್ತಾರೆ. ನೂರು ದಿನದಲ್ಲಿ ಇಮೇಲ್ ವಿಳಾಸ, ಐಡಿ ಕಾರ್ಡು ಬದಲಾಗುತ್ತವೆ. ಲೆನೊವೊದಲ್ಲಿ ಮೊದಲ ಮುಖ್ಯಸ್ಥರು ಐಬಿಎಂನಿಂದ ಬಂದ ಅಮೆರಿಕನ್, ಎರಡನೆಯವರೂ ಅಮೆರಿಕನ್. ಯಾಂಗ್ ಮತ್ತೆ ಮುಖ್ಯಸ್ಥರಾಗಿ ಕೂತದ್ದು 2009ರಲ್ಲಿ. ಜಗತ್ತಿನಲ್ಲಿ ಅತಿ ಹೆಚ್ಚು ಕಂಪ್ಯೂಟರ್ ಮಾರುವ ಕಂಪನಿ ಎನಿಸಿಕೊಂಡದ್ದು 2013ರಲ್ಲಿ, ಅಂದರೆ ಖರೀದಿಯಾದ ಎಂಟು ವರ್ಷಕ್ಕೆ.